ತರಗತಿಯ ನಗೆ

ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವ ಪದ್ಧತಿಯನ್ನು ಬಲ್ಲವರಿಗೆ ನಾನು ಹೇಳಹೊರಟ ಸಂಗತಿ ಸುಲಭವಾಗಿ ತಿಳಿದೀತು. ಬೆಳಗಿನ ಪ್ರಾರ್ಥನೆ ಮುಗಿದು ಹುಡುಗರೆಲ್ಲ ಬೆಂಚುಗಳ ಮೇಲೆ ಕುಳಿತ ಕೂಡಲೆ ಉಪಾಧ್ಯಾಯರು ಹೆಸರು ಕೂಗುವರು. ಕೂಗಿಸಿಕೊಂಡವನು ಎದ್ದು ನಿಂತು ‘ಹಾಜರ್’ ಎನ್ನಬೇಕು. ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿಗೆ ಉಗ್ಗು ಇತ್ತು. ಮೊದಲ ಅಕ್ಷರವೇ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ‘ಹಾ, ಹಾ’ ಎಂದು ಅವನು ತಡವರಿಸುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬನು ಅದನ್ನೇ ಅಣಕಿಸಿ ನಗುತ್ತಿದ್ದ. ಅವನ ನಗೆಯನ್ನು ಹಿಡಿದು ತರಗತಿಯೆಲ್ಲ ನಗುತ್ತಿತ್ತು. ಒಂದು ದಿನ ಉಪಾಧ್ಯಾಯರೂ ಮುಗುಳ್ನಕ್ಕರು. ಅವರು ಕೆಟ್ಟವರಲ್ಲ, ಬಡ ಹುಡುಗರಿಗೆ ತಮ್ಮ ಹಣದಿಂದ ಪುಸ್ತಕ ಕೊಡಿಸುತ್ತಿದ್ದವರು. ಆದರೆ ಅವರ ಆ ಮುಗುಳ್ನಗೆ ನಮಗೆಲ್ಲ ಪರವಾನಗಿಯಾಯಿತು. ಅಂದಿನಿಂದ ಆ ಹುಡುಗನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಆಟದ ಬಯಲಿನಲ್ಲಿ, ನೀರಿನ ತೊಟ್ಟಿಯ ಬಳಿ, ಮನೆಗೆ ಹೋಗುವ ದಾರಿಯಲ್ಲಿ ಅವನು ‘ಹಾಹಾ’ ಆದ. ದಸರೆಯ ರಜ ಕಳೆದು ಶಾಲೆ ತೆರೆದಾಗ ಅವನು ಬರಲಿಲ್ಲ. ಕೆಲವು ದಿನ ಅವನ ಹೆಸರನ್ನು ಕೂಗಿದರು. ಆಮೇಲೆ ಅದರ ಮೇಲೆ ಕೆಂಪು ಮಸಿಯ ಗೆರೆಯೊಂದು ಬಿದ್ದಿತು.

ಬಹಳ ವರ್ಷಗಳ ತರುವಾಯ, ನಾನೇ ಉಪಾಧ್ಯಾಯನಾಗಿ ಒಂದು ತಾಲ್ಲೂಕು ಪಟ್ಟಣಕ್ಕೆ ವರ್ಗವಾಗಿ ಹೋದಾಗ, ಬೆಲ್ಲ ಕೊಳ್ಳಲೆಂದು ಹೊಕ್ಕ ಅಂಗಡಿಯಲ್ಲಿ ಆತನನ್ನು ಕಂಡೆ. ಗುರುತು ಮೊದಲು ಹತ್ತಿದ್ದು ಆತನಿಗೇ. ಮಾತಿಗೆ ಮಾತು ಬೆಳೆದು, ಅಂದು ಅಣಕಿಸುತ್ತಿದ್ದವನ ಪ್ರಸ್ತಾಪ ಬಂದಿತು. ಅವನು ನಿನಗೆ ದೊಡ್ಡ ಅನ್ಯಾಯ ಮಾಡಿದ ಎಂದು ನಾನು ಹೇಳಿದೆ. ಆತ ತಕ್ಕಡಿಯಿಂದ ಕಣ್ಣೆತ್ತದೆ, “ಅವನೊಬ್ಬನೇ ಆಗಿದ್ದಿದ್ದರೆ ನಾನು ಸ್ಕೂಲು ಬಿಡ್ತಿರಲಿಲ್ಲ, ಮೇಷ್ಟ್ರೇ” ಎಂದ.

ನಾನು ಆ ಹುಡುಗನಿಗೆ ಹೆಸರಿಟ್ಟವನಲ್ಲ; ಒಮ್ಮೆಯೂ ಕೈ ಮಾಡಿದವನಲ್ಲ. ನಕ್ಕವನು ಮಾತ್ರ. ಅಷ್ಟರಿಂದ ನನ್ನ ಕೈ ಶುದ್ಧವೆಂದೇ ನಾನು ನಂಬಿಕೊಂಡಿದ್ದೆ. ಆ ಅಂಗಡಿಯ ಮೆಟ್ಟಿಲಿಳಿಯುವಾಗ ಆ ನಂಬಿಕೆ ಉಳಿಯಲಿಲ್ಲ. ಶಾಲೆಗಳಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಹಿಂಸೆಯನ್ನು ಕುರಿತು ಇಂದು ನಾಲ್ಕು ಮಾತು ಬರೆಯಬೇಕೆಂದು ಕುಳಿತಾಗ, ನನ್ನ ಮನಸ್ಸಿನಲ್ಲಿ ಮೊದಲು ನಿಂತದ್ದು ಕಾಟ ಕೊಟ್ಟವನ ಮುಖವಲ್ಲ, ನಗುತ್ತಿದ್ದ ನಮ್ಮೆಲ್ಲರ ಮುಖ.

ಈ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಮೊದಲು ನಮ್ಮ ಮಾತೇ. ಕೀಟಲೆ, ಚೇಷ್ಟೆ, ತಂಟೆ, ತುಂಟತನ, ಗೇಲಿ, ತಮಾಷೆ: ಕನ್ನಡದಲ್ಲಿ ಇದಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ಆದರೆ ಇವೆಲ್ಲವೂ ಆಟದ ಕಡೆಗೆ ವಾಲಿದ ಶಬ್ದಗಳು. ಹುಡುಗು ಬುದ್ಧಿ ಎಂಬ ಕ್ಷಮೆ ಅವುಗಳ ಒಳಗೇ ಅಡಗಿದೆ. ‘ಕಾಟ’ ಎಂಬುದೊಂದೇ ಇದಕ್ಕೆ ಸಲ್ಲುವ ಹೆಸರು. ತಿಗಣೆಯ ಕಾಟ, ಸಾಲಗಾರರ ಕಾಟ, ದೆವ್ವದ ಕಾಟ ಎನ್ನುತ್ತೇವೆ. ಒಂದು ಸಲ ಬಂದು ಹೋಗುವುದನ್ನು ಯಾರೂ ಕಾಟ ಎನ್ನುವುದಿಲ್ಲ. ಎದುರಿಸಿ ಗೆಲ್ಲಬಲ್ಲುದನ್ನೂ ಎನ್ನುವುದಿಲ್ಲ. ಮತ್ತೆ ಮತ್ತೆ ಬರಬೇಕು, ಅನುಭವಿಸುವವನ ಕೈಯಲ್ಲಿ ತಡೆಯಲಾಗದಂತೆ ಇರಬೇಕು. ಆಗ ಅದು ಕಾಟ. ಈ ವಿಷಯವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಮೊದಲಿಗರಾದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಮುಂದಕ್ಕೆ ಸ್ವೀಡನ್, ನಾರ್ವೆ ದೇಶಗಳಲ್ಲಿ ದುಡಿದು ಕೊಟ್ಟ ಲಕ್ಷಣವೂ ಇದೇ: ಬೇಕೆಂದೇ ಮಾಡಿದ್ದು, ಪುನಃ ಪುನಃ ಮಾಡಿದ್ದು, ಬಲದಲ್ಲಿ ಸಮನಲ್ಲದವನಿಗೆ ಮಾಡಿದ್ದು. ಇಬ್ಬರು ಸಮಬಲರು ಗೋಲಿಯ ಲೆಕ್ಕಕ್ಕಾಗಿ ಹೊಡೆದಾಡಿದರೆ ಅದು ಜಗಳ. ಸಂಜೆಗೆ ಅವರು ಮತ್ತೆ ಜೊತೆಯಾಗಿ ಆಡಿಯಾರು. ಕಾಟದ ಜಾತಿಯೇ ಬೇರೆ. ಈ ಭೇದವನ್ನರಿಯದ ಉಪಾಧ್ಯಾಯನು ಇಬ್ಬರನ್ನೂ ಎದುರಿಗೆ ನಿಲ್ಲಿಸಿ, ‘ಕೈ ಕುಲುಕಿ, ರಾಜಿಯಾಗಿ’ ಎಂದು ಕಳುಹಿಸಿಬಿಡುತ್ತಾನೆ. ಬಾಗಿಲು ದಾಟಿದೊಡನೆ ಆ ಬಡಪಾಯಿಗೆ ಹಿಂದಿಗಿಂತ ಇಮ್ಮಡಿ ಕಾದಿರುತ್ತದೆ.

ನಮ್ಮ ಹಿರಿಯರು ಇದನ್ನು ಅರಿಯದವರೇನಲ್ಲ. ಮಹಾಭಾರತದ ಆದಿಪರ್ವವನ್ನು ಓದಿದವರಿಗೆ ಭೀಮನ ಬಾಲ್ಯ ನೆನಪಿದ್ದೀತು. ಧೃತರಾಷ್ಟ್ರನ ಮಕ್ಕಳು ಹಣ್ಣಿಗಾಗಿ ಮರವೇರಿದರೆ ಅವನು ಮರವನ್ನೊದೆದು ಹಣ್ಣಿನೊಡನೆ ಅವರನ್ನೂ ಉದುರಿಸುತ್ತಿದ್ದ. ನೀರಾಟದಲ್ಲಿ ಹತ್ತು ಜನರನ್ನು ತೋಳುಗಳಲ್ಲಿ ಹಿಡಿದು ಮುಳುಗಿಸಿ ಉಸಿರುಗಟ್ಟಿಸುತ್ತಿದ್ದ. ಭೀಮನ ಮನಸ್ಸಿನಲ್ಲಿ ದ್ರೋಹವಿರಲಿಲ್ಲ, ಅದು ಬಾಲ್ಯ ಮಾತ್ರ ಎಂದು ಕವಿ ಹೇಳುತ್ತಾನೆ. ಆದರೆ ಅದನ್ನು ಹೇಳಿ ಸುಮ್ಮನಾಗದೆ, ನೀರಿನಲ್ಲಿ ಮುಳುಗಿದವನ ಮನಸ್ಸಿನಲ್ಲಿ ಏನು ಬೆಳೆಯಿತೆಂಬುದನ್ನೂ ಮರುಕ್ಷಣವೇ ಹೇಳುತ್ತಾನೆ. ದುರ್ಯೋಧನನು ಭೀಮನಿಗೆ ವಿಷವಿಕ್ಕಿದ್ದು ಅದರ ಬೆನ್ನಿಗೇ ಬರುವ ಕಥೆ. ದುರ್ಯೋಧನನ ಅಪರಾಧವನ್ನು ಹಗುರ ಮಾಡಲು ನಾನು ಇದನ್ನು ಎತ್ತಲಿಲ್ಲ. ಮಾಡಿದವನಿಗೆ ಆಟವಾದದ್ದು ಅನುಭವಿಸಿದವನಿಗೆ ಆಟವಲ್ಲವೆಂಬುದನ್ನು ಕವಿ ಎಷ್ಟು ಸ್ಪಷ್ಟವಾಗಿ ಕಂಡಿದ್ದಾನೆಂದು ತೋರಿಸಲು ಎತ್ತಿದೆ.

ಮುಂದೆ ರಾಜಕುಮಾರರ ಶಸ್ತ್ರವಿದ್ಯೆಯ ಪ್ರದರ್ಶನವಾದಾಗ, ಕರ್ಣನ ತಂದೆ ಸೂತನೆಂದು ತಿಳಿದೊಡನೆ ನಗುತ್ತ ಹಂಗಿಸಿದವನೂ ಭೀಮನೇ. ನಿನ್ನ ಕುಲಕ್ಕೆ ತಕ್ಕ ಚಾವಟಿಯನ್ನು ಹಿಡಿ ಎಂದ. ತುಂಬಿದ ರಂಗಸ್ಥಳದಲ್ಲಿ ಆ ನಗೆಯನ್ನು ಕೇಳಿದ ಕರ್ಣನು ದ್ಯೂತಸಭೆಯಲ್ಲಿ ಏನು ಮಾಡಿದ? ನಿಸ್ಸಹಾಯಳಾದ ಹೆಣ್ಣಿನ ವಸ್ತ್ರವನ್ನು ಸೆಳೆಯೆಂದು ದುಶ್ಶಾಸನನಿಗೆ ಹೇಳಿದವನು ಅವನೇ. ಅವಮಾನವನ್ನುಂಡವನು ಕರುಣಾಳುವಾಗಿಯೇ ಬೆಳೆಯುತ್ತಾನೆಂಬ ಭರವಸೆಯಿಲ್ಲ. ತನಗಿಂತ ದುರ್ಬಲರು ಸಿಕ್ಕಿದಾಗ ಅದನ್ನೇ ಅವರಿಗೆ ಬಡಿಸುವುದೂ ಉಂಟು. ಕಾಟವನ್ನು ಅನುಭವಿಸುತ್ತಲೇ ಇತರರಿಗೆ ಕಾಟ ಕೊಡುವ ಮಕ್ಕಳ ಗುಂಪೊಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಾಣಬರುತ್ತದೆ; ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುವ ಮಕ್ಕಳು ಅವರೇ. ಅದೇ ಸಭೆಯಲ್ಲಿ ಹಿರಿಯರು ಕುಳಿತಿದ್ದರು. ವಿದುರನನ್ನು ಬಿಟ್ಟರೆ ಎದ್ದು ಅಧರ್ಮವೆಂದವನು ಧೃತರಾಷ್ಟ್ರನ ಮಕ್ಕಳಲ್ಲೇ ಒಬ್ಬನಾದ ವಿಕರ್ಣ. ‘ನೀನಿನ್ನೂ ಹುಡುಗ’ ಎಂದು ಅವನ ಬಾಯಿ ಮುಚ್ಚಿಸಿದವನು ಕರ್ಣ. ಈ ವಿಕರ್ಣನ ಮಾತಿಗೆ ನಾನು ಮತ್ತೆ ಬರುತ್ತೇನೆ.

ಕಾಟದ ಫಲವೇನೆಂಬುದು ಈಗ ಊಹೆಯ ವಿಷಯವಾಗಿ ಉಳಿದಿಲ್ಲ. 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳನ್ನು ಅವರ ಜೀವಮಾನವೆಲ್ಲ ಹಿಂಬಾಲಿಸಿ ನೋಡುತ್ತಿರುವ ಒಂದು ಅಧ್ಯಯನವುಂಟು. ಅವರಲ್ಲಿ 7,771 ಜನರ ತಂದೆತಾಯಿಗಳು, ಮಗುವಿಗೆ 7 ಮತ್ತು 11 ವರ್ಷವಾಗಿದ್ದಾಗ, ಇತರ ಮಕ್ಕಳಿಂದ ಕಾಟವಾಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಗಾಗ ಕಾಟಕ್ಕೆ ಸಿಕ್ಕಿದ ಮಕ್ಕಳು 50ನೆಯ ವಯಸ್ಸಿನಲ್ಲಿಯೂ ಖಿನ್ನತೆ, ಆತಂಕಗಳಿಗೆ ಇತರರಿಗಿಂತ ಹೆಚ್ಚಾಗಿ ಈಡಾಗಿದ್ದರು. ಅವರ ವಿದ್ಯೆಯೂ ಕಡಿಮೆ, ಸ್ನೇಹ ಬಾಂಧವ್ಯಗಳೂ ಕಡಿಮೆ. ಬಡತನ, ಬುದ್ಧಿಶಕ್ತಿ ಮುಂತಾದ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಈ ವ್ಯತ್ಯಾಸ ಉಳಿದಿತ್ತು. ‘ದೊಡ್ಡವರಾದ ಮೇಲೆ ಎಲ್ಲ ಮರೆತುಹೋಗುತ್ತದೆ’ ಎಂದು ನಾವು ಹೇಳುವ ಸಮಾಧಾನ ಎಷ್ಟು ಪೊಳ್ಳು!

ಕಾಟ ಕೊಡುವವನಿಗೂ ಇದರಿಂದ ಒಳ್ಳೆಯದಾಗುವುದಿಲ್ಲ. ಶಾಲೆಯಲ್ಲಿ ಕಾಟಗಾರರೆಂದು ಗುರುತಿಸಲ್ಪಟ್ಟಿದ್ದ ಹುಡುಗರನ್ನು ಓಲ್ವೇಯಸ್ ಅವರು ಮುಂದೆ ಹಲವು ವರ್ಷಗಳ ಮೇಲೆ ನೋಡಿದಾಗ, ಅವರಲ್ಲಿ ಶೇಕಡಾ 60ರಷ್ಟು ಜನ 24ನೆಯ ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿದ್ದರು. ಹೆದರಿಸಿ ಕೆಲಸ ಸಾಧಿಸಬಹುದೆಂಬ ಪಾಠವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕಲಿತು, ಅದಕ್ಕೆ ತರಗತಿಯ ಚಪ್ಪಾಳೆಯನ್ನೂ ಪಡೆದವನು, ಆ ಪಾಠವನ್ನು ಶಾಲೆಯ ಗೇಟಿನಲ್ಲಿ ಬಿಟ್ಟುಹೋಗುವನೆಂದು ನಂಬುವುದು ಹೇಗೆ?

ನಾರ್ವೆ ದೇಶಕ್ಕೆ ಈ ಎಚ್ಚರ ಬಂದದ್ದು ದುಃಖದ ದಾರಿಯಿಂದ. 1982ರ ಕೊನೆಯಲ್ಲಿ ಆ ದೇಶದ ಉತ್ತರ ಭಾಗದಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಜೊತೆಯವರ ಕಾಟವೇ ಅದಕ್ಕೆ ಕಾರಣವಿರಬೇಕೆಂದು ತಿಳಿದಾಗ ದೇಶವೇ ತಲ್ಲಣಿಸಿತು. ಮರುವರ್ಷ ಸರಕಾರವು ದೇಶದ ಶಾಲೆಗಳಲ್ಲೆಲ್ಲ ಚಳವಳಿಯೊಂದನ್ನು ಆರಂಭಿಸಿತು. ಬೆರ್ಗೆನ್ ನಗರದ 42 ಶಾಲೆಗಳಲ್ಲಿ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ಅವರು ಪರೀಕ್ಷಿಸಿದರು. ಎರಡು ವರ್ಷಗಳಲ್ಲಿ ಕಾಟವು ಸುಮಾರು ಅರ್ಧದಷ್ಟು ಇಳಿದಿತ್ತು. ಅವರು ಅನುಸರಿಸಿದ್ದು ಯಾವ ಮಂತ್ರವನ್ನೂ ಅಲ್ಲ. ತರಗತಿಗೊಂದು ಸ್ಪಷ್ಟವಾದ ನಿಯಮ. ವಾರಕ್ಕೊಮ್ಮೆ ಅದರ ಬಗ್ಗೆ ಮಾತುಕತೆ. ವಿರಾಮದ ವೇಳೆಯಲ್ಲಿ ಬಯಲಿನಲ್ಲಿ ದೊಡ್ಡವರ ಕಣ್ಣು. ಸಂಬಂಧಪಟ್ಟ ಮಕ್ಕಳೊಡನೆಯೂ ತಂದೆತಾಯಿಗಳೊಡನೆಯೂ ನೇರವಾದ ಮಾತು. ದುಡ್ಡಿಗಿಂತ ಮನಸ್ಸನ್ನು ಹೆಚ್ಚಾಗಿ ಬೇಡುವ ಕೆಲಸಗಳಿವು.

ಇನ್ನು ನಗುವವರ ಮಾತು. ಕೆನಡಾದ ಟೊರಾಂಟೊ ನಗರದಲ್ಲಿ ಕೆಲವು ಸಂಶೋಧಕರು ಶಾಲೆಯ ಬಯಲಿನಲ್ಲಿ ಮಕ್ಕಳ ವರ್ತನೆಯನ್ನು ದೂರದಿಂದ ಚಿತ್ರೀಕರಿಸಿ ಅಧ್ಯಯನ ಮಾಡಿದರು. 2001ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಶೇಕಡಾ 88 ಪ್ರಸಂಗಗಳಲ್ಲಿ ಸುತ್ತ ಇತರ ಮಕ್ಕಳು ನಿಂತಿದ್ದರು. ಯಾರಾದರೊಬ್ಬರು ನಡುವೆ ಬಂದು ತಡೆದದ್ದು ಶೇಕಡಾ 19ರಲ್ಲಿ ಮಾತ್ರ. ಆದರೆ ಹಾಗೆ ತಡೆದಾಗ, ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡುಗಳೊಳಗೆ ಕಾಟ ನಿಂತುಹೋಯಿತು. ಹತ್ತು ಸೆಕೆಂಡು! ನಮ್ಮ ತರಗತಿಯಲ್ಲಿ ನಲವತ್ತು ಹುಡುಗರಿದ್ದೆವು. ನಮ್ಮಲ್ಲೊಬ್ಬ ‘ಬಿಡೋ, ಸಾಕು’ ಎನ್ನಬಹುದಾಗಿತ್ತು. ಹಾಗೆನ್ನಲು ವಿದ್ವತ್ತು ಬೇಡ, ತೋಳ್ಬಲ ಬೇಡ. ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾನಿಲಯದ ಕ್ರಿಸ್ಟೀನಾ ಸಾಲ್ಮಿವಲ್ಲಿ ಎಂಬ ವಿದುಷಿಯೂ ಅವರ ಸಂಗಡಿಗರೂ ಈ ತತ್ವದ ಮೇಲೆಯೇ ‘ಕಿವಾ’ ಎಂಬ ಕಾರ್ಯಕ್ರಮವನ್ನು ರೂಪಿಸಿದರು. 2009ರಿಂದ ಅದು ಆ ದೇಶದ ಶಾಲೆಗಳಲ್ಲಿ ಹರಡಿತು. ಕಾಟಗಾರನಿಗೆ ಬೇಕಾದದ್ದು ಪ್ರತಿಷ್ಠೆ. ಅದನ್ನು ಕೊಡುವವರು ನೋಡುವವರು. ಅವರು ಕೊಡದೆಹೋದರೆ ಅವನ ಆಟ ನಡೆಯದು ಎಂಬುದು ಅದರ ತಿರುಳು. ಎಂದರೆ, ತರಗತಿಗೊಬ್ಬ ವಿಕರ್ಣನನ್ನು ಬೆಳೆಸುವುದು, ಅವನು ಎದ್ದಾಗ ಅವನ ಜೊತೆ ಇನ್ನಿಬ್ಬರು ಎದ್ದು ನಿಲ್ಲುವಂತೆ ಮಾಡುವುದು.

ನಮ್ಮ ನಾಡಿನಲ್ಲಿ ಯಾರನ್ನು ನೋಡಿ ನಗಬೇಕೆಂಬುದನ್ನು ಮಗು ಶಾಲೆಗೆ ಬರುವ ಮುನ್ನವೇ ಕಲಿತು ಬಂದಿರುತ್ತದೆ. ಇದನ್ನು ಮರೆತು ಹೊರದೇಶದ ಲೆಕ್ಕಗಳನ್ನಷ್ಟೇ ಹೇಳಿದರೆ ನನ್ನ ಮಾತು ಅರ್ಧ ಸುಳ್ಳಾದೀತು. ಡಾಕ್ಟರ್ ಅಂಬೇಡ್ಕರರು ಬಾಲಕರಾಗಿದ್ದಾಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತು ಕಲಿತರು. ಜವಾನನು ಬಂದು ನಲ್ಲಿ ತಿರುಗಿಸದಿದ್ದರೆ ಬಾಯಾರಿಕೆಯಲ್ಲೇ ಇರಬೇಕಾಗಿತ್ತು. ಅದನ್ನು ಅವರೇ ಬರೆದಿಟ್ಟಿದ್ದಾರೆ. ಆ ತರಗತಿಯಲ್ಲಿಯೂ ನೋಡುತ್ತ ಕುಳಿತ ಮಕ್ಕಳಿದ್ದರು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ತೊಡೆದುಹಾಕಿತು. ಆದರೂ ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವ ನಾಲಗೆ ಇಂದಿಗೂ ಪೂರ್ತಿ ತೊಳೆದಿಲ್ಲ. ಮೈಬಣ್ಣ, ಮೈಕಟ್ಟು, ಕುಂಟು, ದಪ್ಪ ಕನ್ನಡಕ, ಹರಿದ ಅಂಗಿ, ತಂದೆಯ ಕಸಬು, ಹೆಣ್ಣಿಗನೆಂಬ ಹಂಗು, ಇವೆಲ್ಲ ಅಡ್ಡಹೆಸರುಗಳಾಗುತ್ತವೆ. ಬೀದರಿನ ಹುಡುಗನು ಬೆಂಗಳೂರಿನ ಶಾಲೆಗೆ ಬಂದರೆ ಅವನಾಡುವ ಕನ್ನಡವೇ ನಗೆಗೀಡಾಗುವುದುಂಟು. ಕನ್ನಡದ ತರಗತಿಯಲ್ಲಿ ಕನ್ನಡಕ್ಕಾಗಿಯೇ ಒಬ್ಬ ಹುಡುಗನು ತಲೆ ತಗ್ಗಿಸುವುದಕ್ಕಿಂತ ನಾಚಿಕೆಗೇಡು ಬೇರೆ ಯಾವುದಿದೆ?

ಕಾನೂನಿನ ಕಡೆಯಿಂದ ಏನೂ ಆಗಿಲ್ಲವೆನ್ನಲಾಗದು. 2009ರ ಶಿಕ್ಷಣದ ಹಕ್ಕಿನ ಕಾಯ್ದೆಯ 17ನೆಯ ಪ್ರಕರಣವು ಯಾವ ಮಗುವನ್ನೂ ದೈಹಿಕ ಶಿಕ್ಷೆಗೆ ಅಥವಾ ಮಾನಸಿಕ ಕಿರುಕುಳಕ್ಕೆ ಗುರಿಪಡಿಸಕೂಡದೆಂದು ವಿಧಿಸಿದೆ. ಕಾಲೇಜುಗಳ ರ‍್ಯಾಗಿಂಗ್ ಪಿಡುಗಿನ ವಿರುದ್ಧ ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು ಅದೇ ವರ್ಷ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಸಂಕಟದಲ್ಲಿರುವ ಮಗು 1098ಕ್ಕೆ ದೂರವಾಣಿ ಮಾಡಿ ನೆರವು ಕೇಳಬಹುದು; ಈ ಸಂಖ್ಯೆ ಪ್ರತಿ ಶಾಲೆಯ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಬರೆದಿರಬೇಕು. ಆದರೆ ಕಾನೂನು ಬಾಗಿಲವರೆಗೆ ಬಂದೀತು. ಹಿಂದಿನ ಬೆಂಚಿನವರೆಗೆ ಹೋಗಬೇಕಾದವನು ಉಪಾಧ್ಯಾಯನೇ.

ಆದಕಾರಣ ನನ್ನ ವೃತ್ತಿಬಾಂಧವರಲ್ಲಿ ಕೆಲವು ವಿಜ್ಞಾಪನೆಗಳು. ಮೊದಲನೆಯದು ನಮ್ಮ ನಾಲಗೆಯದು. ‘ಏ ಕುಳ್ಳ, ಏ ದಡ್ಡ’ ಎಂದು ನಾವು ಸಲಿಗೆಯಿಂದ ಕರೆದದ್ದನ್ನು ಮಕ್ಕಳು ಸಲಿಗೆಯಿಲ್ಲದೆ ಕರೆಯುತ್ತಾರೆ. ನಾವು ಮುಗುಳ್ನಕ್ಕ ಕಡೆ ಅವರು ಗಹಗಹಿಸಿ ನಗುತ್ತಾರೆ. ಎರಡನೆಯದು ನಮ್ಮ ಕಣ್ಣಿನದು. ಕಾಟ ನಡೆಯುವುದು ಪಾಠದ ಹೊತ್ತಿನಲ್ಲಿ ಮಾತ್ರವಲ್ಲ. ನಲ್ಲಿಯ ಬಳಿ, ಶೌಚಾಲಯದ ಹಿಂದೆ, ಬಿಸಿಯೂಟದ ಸಾಲಿನಲ್ಲಿ, ಬಸ್ಸಿನ ಕೊನೆಯ ಸೀಟಿನಲ್ಲಿ. ನಾವು ಅಲ್ಲಿರಬೇಕು. ಮೂರನೆಯದು ಕಿವಿಯದು. ಮಗು ಬಂದು ಹೇಳಿದರೆ ‘ಚಾಡಿ ಹೇಳಬೇಡ’ ಎಂದು ಗದರಿಸುವುದು ನಮಗೆಲ್ಲ ರೂಢಿ. ಇನ್ನೊಬ್ಬನನ್ನು ಸಿಕ್ಕಿಸಲು ಹೇಳುವುದು ಚಾಡಿ. ಒಬ್ಬನನ್ನು ಬಿಡಿಸಲು ಹೇಳುವುದು ದೂರು. ಈ ಭೇದವನ್ನು ತರಗತಿಯಲ್ಲಿ ಬಿಡಿಸಿ ಹೇಳಿ, ದೂರು ತಂದವನ ಹೆಸರನ್ನು ಗುಟ್ಟಾಗಿಟ್ಟು ನಡೆಸಿದರೆ, ಹೇಳುವ ಧೈರ್ಯ ಮಕ್ಕಳಿಗೆ ತಾನಾಗಿ ಬರುತ್ತದೆ. ನಾಲ್ಕನೆಯದು ಕೈಯದು. ಕಾಟಗಾರನನ್ನು ಬೆತ್ತದಿಂದ ಬಾರಿಸಿದರೆ, ಬಲ್ಲಿದನು ಬಡವನನ್ನು ಹೊಡೆಯಬಹುದೆಂಬ ಅವನ ನಂಬಿಕೆಯನ್ನೇ ನಾವು ಗಟ್ಟಿ ಮಾಡಿದಂತೆ. ಅವನನ್ನು ಬೇರೆಯಾಗಿ ಕರೆದು, ಮಾಡಿದ್ದೇನೆಂದು ಅವನ ಬಾಯಿಂದಲೇ ಹೇಳಿಸಿ, ಇನ್ನು ನಡೆಯದೆಂದು ತಿಳಿಸಿ, ವಾರ ಬಿಟ್ಟು ಮತ್ತೆ ಕೇಳಬೇಕು. ನಕ್ಕವರನ್ನೂ ಒಬ್ಬೊಬ್ಬರಾಗಿ ಕರೆಯಬೇಕು. ಒಂಟಿಯಾಗಿ ನಿಂತ ಹುಡುಗನಿಗೆ ನಗು ಬರುವುದಿಲ್ಲ.

ತಂದೆತಾಯಿಗಳಿಗೂ ಒಂದು ಮಾತುಂಟು. ಬೆಳಗಾಗುತ್ತಲೇ ಹೊಟ್ಟೆನೋವೆನ್ನುವ, ರಜಾದಿನದಲ್ಲಿ ಆ ನೋವನ್ನು ಮರೆಯುವ ಮಗುವನ್ನು ಸೋಮಾರಿಯೆನ್ನುವ ಮುನ್ನ ಪಕ್ಕದಲ್ಲಿ ಕುಳಿತು ಕೇಳಿರಿ. ‘ನೀನೂ ಎರಡು ಬಾರಿಸಿ ಬಾ’ ಎಂಬ ಉಪದೇಶ ಬೇಡ. ಬಾರಿಸಬಲ್ಲವನಾಗಿದ್ದರೆ ಅವನಿಗೆ ಕಾಟವೇ ಇರುತ್ತಿರಲಿಲ್ಲ. ಈ ಕಾಲದಲ್ಲಿ ಇನ್ನೊಂದು ಸಂಗತಿಯೂ ಸೇರಿದೆ. ನಮ್ಮ ಬಾಲ್ಯದಲ್ಲಿ ಮನೆಯ ಹೊಸ್ತಿಲು ದಾಟಿದರೆ ‘ಹಾಹಾ’ ಎಂಬ ಕೂಗು ಹಿಂದೆ ಉಳಿಯುತ್ತಿತ್ತು. ಇಂದು ಅದು ಮೊಬೈಲಿನಲ್ಲಿ ಹಾಸಿಗೆಯವರೆಗೂ ಬರುತ್ತದೆ; ಒಬ್ಬನ ಅವಮಾನದ ಚಿತ್ರ ಒಂದು ರಾತ್ರಿಯಲ್ಲಿ ಶಾಲೆಯೆಲ್ಲ ಸುತ್ತುತ್ತದೆ. ಬಂದದ್ದನ್ನು ಮುಂದಕ್ಕೆ ಕಳುಹಿಸುವುದೂ ನಗುವುದೇ ಎಂದು ಮಕ್ಕಳಿಗೆ ಹೇಳಿರಿ, ನಾವೂ ನೆನಪಿಟ್ಟುಕೊಳ್ಳೋಣ.

ಮಾತು ಕಲಿಸುವ ಮನೆಯೆಂದು ಶಾಲೆಯನ್ನು ಕಟ್ಟಿದ್ದೇವೆ. ಒಂದು ಮಗು ಅಲ್ಲಿ ತನ್ನ ಹೆಸರಿಗೆ ಓಗೊಡಲು ಅಂಜುವಂತಾದರೆ ಉಳಿದೆಲ್ಲ ಪಾಠಗಳು ಯಾತಕ್ಕೆ? ಉಪಾಧ್ಯಾಯ ವೃತ್ತಿಯಲ್ಲಿ ನಾನು ಸಾಧಿಸಿದ್ದು ಹೆಚ್ಚೇನಿಲ್ಲ. ಆ ಅಂಗಡಿಯನ್ನು ಹೊಕ್ಕುಬಂದ ಮೇಲೆ ಒಂದು ನಿಯಮವನ್ನು ಮಾತ್ರ ಬಿಡದೆ ನಡೆಸಿದೆ: ಹಾಜರಿ ಕೂಗುವಾಗ, ಎದ್ದು ನಿಂತ ಹುಡುಗನ ಉತ್ತರ ಪೂರ್ತಿ ಬರುವವರೆಗೆ, ಅದಕ್ಕೆಷ್ಟೇ ಹೊತ್ತಾಗಲಿ, ನಾನು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ, ತರಗತಿಯ ಮೇಲಿನ ಕಣ್ಣನ್ನು ತೆಗೆಯುತ್ತಲೂ ಇರಲಿಲ್ಲ.

ಆ ಅಂಗಡಿಗೆ ನಾನು ಈಗಲೂ ಹೋಗುವುದುಂಟು. ನನ್ನ ತಪ್ಪನ್ನು ಆತನ ಮುಂದೆ ಒಪ್ಪಿಕೊಂಡಿದ್ದೇನೆ. ಆತ ಕಾಫಿ ತರಿಸಿ ಕೊಟ್ಟ. ನಾನು ಆತನನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತೇನೆ. ಒಂದೇ ತರಗತಿಯಲ್ಲಿ ಕುಳಿತವನು ನನ್ನನ್ನು ಇಂದಿಗೂ ‘ಮೇಷ್ಟ್ರೇ’ ಎಂದೇ ಕರೆಯುತ್ತಾನೆ.